ದಾರಿಯನ್ನು ನೋಡಿ ವಾಹನ

ಜಂಗಮ ಎಂಬ ಪದಕ್ಕೆ ಚಲಿಸುವುದು ಎಂದು ಅರ್ಥ. ಹಿಂದಿನ ಚರಮೂರ್ತಿಗಳು ಕಾಲ್ನಡಿಗೆಯಲ್ಲಿಯೇ ಊರೂರು ಸಂಚರಿಸಿ ಭಕ್ತರ ಮನೆಗಳನ್ನು ಬೆಳಗಿದರು. ಅನಂತರ ಎತ್ತಿನ ಗಾಡಿ ಬಂದಿತು, ಬಸ್ಸು ಬಂದಿತು. ಇಂದು ಹಳ್ಳಿಯ ಶಾಲೆಯ ಉಪಾಧ್ಯಾಯನಿಂದ ಡೈರಿಗೆ ಹಾಲು ಹಾಕುವ ರೈತನವರೆಗೆ ಅನೇಕರ ಕಾಯಕವು ದ್ವಿಚಕ್ರ ವಾಹನವನ್ನು ನೆಚ್ಚಿಕೊಂಡು ನಡೆಯುತ್ತಿದೆ. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಆದುದರಿಂದ ನಮ್ಮ ಎಷ್ಟೋ ಮನೆಗಳಿಗೆ ಬರುವುದು ಹಳೆಯ ವಾಹನವೇ. ಜೋಡೆತ್ತು ತರುವಾಗ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ ತರುತ್ತಿದ್ದ ಹಿರಿಯರ ಮಕ್ಕಳು, ಮೋಟಾರು ಸೈಕಲನ್ನು ಕೊಳ್ಳುವಾಗ ಮಾತ್ರ ಬಣ್ಣವನ್ನೂ ಹೆಸರನ್ನೂ ನೋಡಿ ತರುತ್ತಾರೆ. ಈ ತಪ್ಪನ್ನು ನಾವೂ ಮಾಡಲಿದ್ದೆವು. ಅದರಿಂದ ಪಾರಾದ ಬಗೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಕಳೆದ ಬೇಸಿಗೆಯ ರಜೆಯ ಕೊನೆಯಲ್ಲಿ ಒಬ್ಬ ತರುಣ ಉಪಾಧ್ಯಾಯ ಮೈಸೂರಿನಲ್ಲಿ ನಮ್ಮಲ್ಲಿಗೆ ಬಂದ. ಆತನ ತಂದೆ ನಮಗೆ ಆತ್ಮೀಯರಾಗಿದ್ದವರು. ಯಾದವಗಿರಿಯ ಜಾವಾ ಕಾರ್ಖಾನೆಯಲ್ಲಿ ದುಡಿದವರು. ಈಗ ಅವರಿಲ್ಲ. ಮಗನಿಗೆ ಚಾಮರಾಜನಗರದ ಆಚೆ, ಹರದನಹಳ್ಳಿಯನ್ನು ದಾಟಿ ಹೋಗಬೇಕಾದ ಒಂದು ಹಳ್ಳಿಯ ಶಾಲೆಯಲ್ಲಿ ಕೆಲಸ. ಮನೆಯಿಂದ ಶಾಲೆಗೆ ಸುಮಾರು 70 ಕಿಲೋಮೀಟರು. ಅಲ್ಲಿಯೇ ಮನೆ ಮಾಡಬಾರದೇ ಎಂದರೆ, ತಾಯಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ದಿನ ಸಂಜೆ ಏಳು ಗಂಟೆಗೆ ಮೈಸೂರಿನ ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಮನೆಯಲ್ಲಿ ಬೇರೆ ಯಾರೂ ಇಲ್ಲ. ಮೈಸೂರಿನಿಂದ ಚಾಮರಾಜನಗರಕ್ಕೆ ರೈಲು ಇದೆಯಲ್ಲ ಎಂದು ವಾಚಕರು ಕೇಳಬಹುದು. ಶಾಲೆ ಬಿಟ್ಟು, ಹಳ್ಳಿಯ ಬಸ್ಸಿಗೆ ಕಾದು, ನಿಲ್ದಾಣ ಮುಟ್ಟುವಷ್ಟರಲ್ಲಿ ಆತನಿಗೆ ಬೇಕಾದ ರೈಲು ಹೊರಟುಹೋಗಿರುತ್ತದೆ. ಒಂದು ವರ್ಷ ಹೀಗೆ ಒದ್ದಾಡಿದ ಮೇಲೆ ಮೋಟಾರು ಸೈಕಲ್ಲೇ ಗತಿ ಎಂದು ಆತ ನಿಶ್ಚಯಿಸಿದ್ದ. ಕೈಯಲ್ಲಿದ್ದ ಹಣ 40 ಸಾವಿರ ರೂಪಾಯಿ.

"ಗುರುಗಳೇ, ಅಪ್ಪನ ಯೆಜ್ಡಿ ಮನೆಯಲ್ಲೇ ಇದೆ. ಈ ಹಣದಲ್ಲಿ ಅದನ್ನೇ ಸರಿಮಾಡಿಸಿ ಓಡಿಸೋಣ ಅಂತಿದ್ದೀನಿ. ತಾವು ಆಶೀರ್ವಾದ ಮಾಡಬೇಕು" ಎಂದ.

ನಮ್ಮ ಮನಸ್ಸು ಅರಳಿತು. ಆ ಯೆಜ್ಡಿಯ ಹಿಂಬದಿಯಲ್ಲಿ ಕುಳಿತು, ತಾಳೆಗರಿಯ ಕಟ್ಟುಗಳನ್ನು ಅರಸುತ್ತ ನಾವು ಸುತ್ತಿದ ಹಳ್ಳಿಗಳೆಷ್ಟೋ! ಅದರ ಎರಡು ಸೈಲೆನ್ಸರುಗಳ ನಾದ ಈಗಲೂ ಕಿವಿಯಲ್ಲಿದೆ. "ಒಳ್ಳೆಯ ಯೋಚನೆ, ಮಗು" ಎಂದುಬಿಟ್ಟೆವು. ವಿಚಾರಿಸದೆ ಆಡಿದ ಮಾತು ಅದು.

ಮರುದಿನ ಇಬ್ಬರೂ ಆತನ ತಂದೆಯ ಸಹೋದ್ಯೋಗಿಯಾಗಿದ್ದ ಮೇಸ್ತ್ರಿಯೊಬ್ಬರಲ್ಲಿಗೆ ಹೋದೆವು. ಎಪ್ಪತ್ತರ ಅಂಚಿನಲ್ಲಿರುವ ಅವರು ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ಈಗಲೂ ಗ್ಯಾರೇಜು ನಡೆಸುತ್ತಾರೆ. ಯಾದವಗಿರಿಯ ಹೆಸರೆತ್ತಿದರೆ ಸಾಕು, ಅವರ ಮುಖ ಬೆಳಗುತ್ತದೆ. ಆ ಕಾರ್ಖಾನೆಯ ಕಥೆ ಮೈಸೂರಿನ ಕಥೆಯೂ ಹೌದು. 1961ರಲ್ಲಿ, ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರು ಅದನ್ನು ಉದ್ಘಾಟಿಸಿದರು. ಜೆಕೊಸ್ಲೊವಾಕಿಯಾ ದೇಶದ ಜಾವಾ ಸಂಸ್ಥೆಯ ಸಹಯೋಗದಲ್ಲಿ ಮೊದಲು ಜಾವಾ ಎಂಬ ಹೆಸರಿನಿಂದಲೂ, ಎಪ್ಪತ್ತರ ದಶಕದಿಂದ ಯೆಜ್ಡಿ ಎಂಬ ಹೆಸರಿನಿಂದಲೂ ಅಲ್ಲಿಂದ ವಾಹನಗಳು ಹೊರಬಿದ್ದವು. ಪರ್ಷಿಯಾದ ಯಜ್ದ್ ನಗರದ ನೆನಪು ಆ ಹೆಸರಿನಲ್ಲಿದೆ. 250 ಸಿ.ಸಿ. ವರ್ಗದ ಒಂದೇ ಸಿಲಿಂಡರು, ಅದಕ್ಕೆ ಎರಡು ಹೊಗೆ ಕೊಳವೆ. ಕಿಕ್ ಹೊಡೆಯುವ ಸನ್ನೆಯೇ ಮಡಿಸಿದರೆ ಗೇರಿನ ಸನ್ನೆ. ಕಡಿಮೆ ಇಂಧನದಲ್ಲಿ ಹೆಚ್ಚು ದೂರ ಓಡುವ ವಾಹನಗಳ ಪೈಪೋಟಿ, ಹೊಗೆಯ ನಿಯಮಗಳು, ಕಾರ್ಮಿಕ ಸಮಸ್ಯೆ ಎಲ್ಲವೂ ಸೇರಿ 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಹೆಸರು 2018ರಲ್ಲಿಯೂ ಯೆಜ್ಡಿ ಹೆಸರು 2022ರಲ್ಲಿಯೂ ಮರಳಿ ಮಾರುಕಟ್ಟೆಗೆ ಬಂದಿವೆಯಾದರೂ ಅವು ಬೇರೆ ಯಂತ್ರಗಳು.

ಇಂಥ ಅಭಿಮಾನಿಯಾದ ಮೇಸ್ತ್ರಿಗಳು ನಮ್ಮ ಮಾತಿಗೆ ಕೂಡಲೇ ಒಪ್ಪುವರೆಂದು ಭಾವಿಸಿದ್ದೆವು. ಅವರು ತಲೆಯಲ್ಲಾಡಿಸಿದರು.

"ಭಾನುವಾರ ಓಡಿಸೋದಕ್ಕೆ ನಾನೇ ನಿಂತು ಮಾಡಿಕೊಡ್ತೀನಿ ಸ್ವಾಮೀ. ದಿನಾ ನೂರನಲವತ್ತು ಕಿಲೋಮೀಟರಿಗೆ ಬೇಡ."

ಹುಡುಗನ ಮುಖ ಬಾಡಿತು. "ಅಪ್ಪ ಕೈಯಾರೆ ಜೋಡಿಸಿದ ಕಾಲದ ಗಾಡಿ ಅಲ್ವಾ ಮೇಸ್ತ್ರಿ, ಗಟ್ಟಿ ಇಲ್ವಾ?" ಎಂದು ಕೇಳಿದ.

"ಗಟ್ಟಿ ಇದೆ ಮಗಾ. ಗಟ್ಟಿ ಇರೋದು ಬೇರೆ, ದಿನಾ ಬರೋದು ಬೇರೆ. ಮೊದಲು ಒಂದು ಸಲ ನಿನ್ನ ದಾರಿ ನೋಡಿಕೊಂಡು ಬಾ. ಸ್ವಾಮಿಗಳನ್ನೂ ಕರ್ಕೊಂಡು ಹೋಗು. ಎಷ್ಟು ಕಡೆ ಜೋರಾಗಿ ಬ್ರೇಕ್ ಹಿಡಿದೆ, ಎಷ್ಟು ಗ್ಯಾರೇಜು ಸಿಕ್ಕಿತು, ಬರುವಾಗ ಎಷ್ಟು ದಾರಿ ಕತ್ತಲಲ್ಲಿತ್ತು, ಮೂರನ್ನೂ ಬರ್ಕೊಂಡು ಬಾ. ಆಮೇಲೆ ಗಾಡಿ ಮಾತು."

ಹೀಗೆಂದು ತಮ್ಮದೇ ಹಳೆಯ ಬುಲೆಟ್ಟನ್ನು ನಮಗೆ ಕೊಟ್ಟರು. ಎರಡು ದಿನಗಳ ನಂತರ ಬೆಳಗಿನ ಲಿಂಗಪೂಜೆಯನ್ನು ಮುಗಿಸಿಕೊಂಡು ಆರೂವರೆಗೆ ಹೊರಟೆವು. ಇಬ್ಬರ ತಲೆಯ ಮೇಲೂ ಹೆಲ್ಮೆಟ್. ನಮ್ಮ ರಾಜ್ಯದಲ್ಲಿ ಹಿಂಬದಿಯ ಸವಾರರಿಗೂ ಇದು 2016ರಿಂದ ಕಡ್ಡಾಯ. ಕಾವಿ ಶಾಲು ಹೊದ್ದವರಿಗೆ ವಿನಾಯಿತಿಯಿಲ್ಲ, ಇರಲೂ ಬಾರದು.

ಚಾಮುಂಡಿ ಬೆಟ್ಟವನ್ನು ಹಿಂದೆ ಬಿಟ್ಟು ಕಡಕೊಳವನ್ನು ದಾಟಿ ನಂಜನಗೂಡಿನವರೆಗೆ ರಸ್ತೆ ವಿಶಾಲವಾಗಿದೆ. ವಿಶಾಲವಾಗಿರುವುದರಿಂದಲೇ ಲಾರಿ ಬಸ್ಸುಗಳು ಶರವೇಗದಲ್ಲಿ ಬರುತ್ತವೆ. ಕೈಗಾರಿಕಾ ಪ್ರದೇಶದ ತಿರುವುಗಳಲ್ಲಿ ಮುಂದಿನ ವಾಹನ ಥಟ್ಟನೆ ನಿಲ್ಲುತ್ತದೆ. ನಂಜನಗೂಡನ್ನು ಮುಟ್ಟುವುದರೊಳಗೆ ಹುಡುಗ ಆರು ಬಾರಿ ಬ್ರೇಕನ್ನು ಬಲವಾಗಿ ಒತ್ತಿದ. ಒಂದೂವರೆ ಕ್ವಿಂಟಾಲಿಗೂ ಮಿಕ್ಕಿದ ತೂಕದ ಆ ವಾಹನ ಡ್ರಮ್ ಬ್ರೇಕಿಗೆ ಸುಲಭವಾಗಿ ಮಣಿಯಲಿಲ್ಲ. ಮೇಲಾಗಿ ಅದು ಹಳೆಯ ಪದ್ಧತಿಯದು: ಗೇರು ಬಲಗಾಲಿಗೆ, ಹಿಂದಿನ ಬ್ರೇಕು ಎಡಗಾಲಿಗೆ. ಬೇರೆ ವಾಹನಗಳಲ್ಲಿ ಕಲಿತ ಕಾಲು ಗಾಬರಿಯ ಕ್ಷಣದಲ್ಲಿ ಹಳೆಯ ಅಭ್ಯಾಸವನ್ನೇ ಹಿಡಿಯುತ್ತದೆ. ಒಮ್ಮೆ ಹಾಗೆಯೇ ಆಗಿ, ಬ್ರೇಕಿಗೆ ಬದಲು ಗೇರು ಒತ್ತಿ, ಲಾರಿಯ ಹಿಂಬದಿಗೆ ಮೊಳದಂತರದಲ್ಲಿ ನಿಂತೆವು. ಇಷ್ಟದೈವವನ್ನು ನೆನೆದೆವು, ಮೇಸ್ತ್ರಿಗಳ ಮೊದಲ ಪ್ರಶ್ನೆ ಏಕೆಂಬುದೂ ತಿಳಿಯಿತು.

ನಂಜನಗೂಡಿನಲ್ಲಿ ಕಪಿಲೆಯ ದಡದಲ್ಲಿ ಕೊಂಚ ನಿಂತೆವು. 1735ರಲ್ಲಿ ದಳವಾಯಿ ದೇವರಾಜಯ್ಯನವರು ಕಟ್ಟಿಸಿದ ಕಲ್ಲಿನ ಸೇತುವೆ ಇಲ್ಲಿದೆ. ಗಾಡಿಗಳಿಗೆಂದು ಕಟ್ಟಿದ ಆ ಸೇತುವೆಯ ಮೇಲೆ ಮುಂದೆ ರೈಲೂ ಓಡಿತು. ಈಗ ಭಾರವನ್ನು ಹೊಸ ಸೇತುವೆಗಳು ಹೊತ್ತಿವೆ. ಹಳೆಯದನ್ನು ವಿಶ್ರಾಂತಿಯಲ್ಲಿ ಉಳಿಸಿಕೊಳ್ಳಲಾಗಿದೆ. "ಇದನ್ನು ಯಾರೂ ಕೆಡವಲಿಲ್ಲ, ನೋಡು" ಎಂದೆವು. ಹುಡುಗ ಮಾತನಾಡಲಿಲ್ಲ.

ಅಲ್ಲಿಂದ ಚಾಮರಾಜನಗರದ ಕಡೆಗೆ ತಿರುಗಿದರೆ ದೃಶ್ಯವೇ ಬೇರೆ. ನೂಲಿನ ಕಾಯಕಕ್ಕೆ ಹೆಸರಾದ ಬದನವಾಳು, ಮುಂದೆ ಕವಲಂದೆ. ಎಡಬಲಗಳಲ್ಲಿ ಬಾಳೆಯ ತೋಟ, ಮುಂಗಾರಿಗೆ ಕಾದಿರುವ ಕಪ್ಪು ಮಣ್ಣಿನ ಹೊಲ. ದೂರದಲ್ಲಿ ಬಿಳಿಗಿರಿರಂಗನ ಬೆಟ್ಟದ ನೀಲಿ ಸಾಲು. ಊರು ಬಂದಾಗಲೆಲ್ಲ ರಸ್ತೆಯುಬ್ಬು. ಊರು ಮುಗಿದರೆ ದನಕರು, ರಾಗಿ ಒಕ್ಕಣೆಯ ಹುಲ್ಲು. ಇಲ್ಲಿ ವೇಗಕ್ಕಿಂತ ಹಗುರವಾದ ಕ್ಲಚ್ಚು, ಒಳ್ಳೆಯ ಷಾಕ್ ಅಬ್ಸಾರ್ಬರು, ನೇರವಾದ ಕೂಡುಭಂಗಿ ಮುಖ್ಯ. ನಮ್ಮ ಸೊಂಟವೇ ಅದಕ್ಕೆ ಸಾಕ್ಷಿ ನುಡಿಯಿತು.

ಚಾಮರಾಜನಗರವನ್ನು ಸೇರಿದಾಗ ಎಂಟೂ ಮುಕ್ಕಾಲು. ಅರಿಕುಠಾರವೆಂಬುದು ಈ ಊರಿನ ಹಿಂದಿನ ಹೆಸರು. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆಯ ಹೆಸರನ್ನು ಊರಿಗಿಟ್ಟು, 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ದೇವಾಲಯದ ಮುಂದೆ ಕೈಮುಗಿದು, ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಲು ಒಂದು ಗ್ಯಾರೇಜಿನ ಮುಂದೆ ನಿಂತೆವು. ದಾರಿಯಲ್ಲಿ ನಾವು ಎಣಿಸಿದ ಗ್ಯಾರೇಜುಗಳು ಹದಿನೇಳು. ಎಲ್ಲದರ ಮುಂದೆಯೂ ನಿಂತಿದ್ದವು 100 ಅಥವಾ 125 ಸಿ.ಸಿ.ಯ ಸಾಮಾನ್ಯ ವಾಹನಗಳೇ. ಹುಡುಗ ಕೇಳಿದ:

"ಯೆಜ್ಡಿಯ ಕ್ಲಚ್ ಪ್ಲೇಟು ಸಿಗುತ್ತಾ ಅಣ್ಣ?"

"ಮೈಸೂರಿಂದ ತರಿಸಬೇಕು. ನಾಳೆ ಬನ್ನಿ ಸಾರ್."

ನಾಳೆ ಎಂಬ ಆ ಒಂದು ಮಾತು ಸಾಕಾಯಿತು. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ಸಂಜೆಗೆ ನಾಳೆಯಿಲ್ಲ. ಹುಡುಗ ನಮ್ಮ ಮುಖವನ್ನು ನೋಡಿದ. ನಾವು ಮೊದಲ ದಿನ ವಿಚಾರಿಸದೆ ಹರಸಿದ್ದಕ್ಕಾಗಿ ಒಳಗೇ ನಾಚಿದೆವು.

ಹರದನಹಳ್ಳಿಯಲ್ಲಿ ದಿವ್ಯಲಿಂಗೇಶ್ವರನ ದರ್ಶನ ಮಾಡಿದೆವು. ನಮ್ಮ ಸಮಾಜಕ್ಕೆ ಈ ಊರು ಬೇರೊಂದು ಕಾರಣಕ್ಕೆ ಪವಿತ್ರ. ಗೋಸಲ ಚನ್ನಬಸವೇಶ್ವರರ ಪೀಠವಿದ್ದ ಸ್ಥಳವಿದು. ಅವರ ಕರಕಮಲ ಸಂಜಾತರಾದ ತೋಂಟದ ಸಿದ್ಧಲಿಂಗೇಶ್ವರರು ಅವತರಿಸಿದ ಊರು. ಆ ಮಹಾನುಭಾವರು ಇಲ್ಲಿಯೇ ಕುಳಿತುಬಿಡಲಿಲ್ಲ. ಏಳುನೂರೊಂದು ವಿರಕ್ತರೊಡನೆ ನಾಡನ್ನು ಸುತ್ತಿ, ಕಗ್ಗೆರೆಯಲ್ಲಿ ತಪಗೈದು, ಎಡೆಯೂರಿನಲ್ಲಿ ಐಕ್ಯರಾದರೆಂದು ಪರಂಪರೆ ಹೇಳುತ್ತದೆ. ಸಂಚಾರವು ಅವರಿಗೆ ವಿಹಾರವಾಗಿರಲಿಲ್ಲ, ಲೋಕದ ಋಣವನ್ನು ತೀರಿಸುವ ಮಾರ್ಗವಾಗಿತ್ತು. ಪಾಠ ಹೇಳಲು ಬೆಳಿಗ್ಗೆ ಹೊರಟು, ತಾಯಿಯ ಸೇವೆಗೆ ಸಂಜೆ ಮರಳುವ ಈ ಹುಡುಗನ ಓಡಾಟವೂ ಅದೇ ಮಾರ್ಗದ ಒಂದು ಸಣ್ಣ ಹೆಜ್ಜೆಯೆಂದು ನಮಗೆ ತೋರಿತು. ಅಂಥ ಓಡಾಟಕ್ಕೆ ವಾಹನವು ಸಾಧನವಾಗಬೇಕೇ ಹೊರತು ತಾನೇ ಒಂದು ಸೇವೆಯನ್ನು ಬೇಡುವ ದೈವವಾಗಬಾರದು.

ಶಾಲೆಯನ್ನು ನೋಡಿ, ಆ ಊರಿನ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ ಸ್ವೀಕರಿಸಿ, ಹೊತ್ತಿಳಿಯುವ ತನಕ ಅಲ್ಲಿಯೇ ಇದ್ದೆವು. ಬೇಸಿಗೆಯ ಹಗಲು ದೀರ್ಘ. ಮಳೆಗಾಲ, ಚಳಿಗಾಲಗಳಲ್ಲಿ ಶಾಲೆಯಿಂದ ಮರಳುವಾಗ ಅರ್ಧ ದಾರಿಯಲ್ಲಿಯೇ ಕತ್ತಲಾಗುತ್ತದೆ. ಅದನ್ನು ಅರಿಯಬೇಕೆಂದು ಬೇಕೆಂದೇ ತಡವಾಗಿ ಹೊರಟೆವು. ಕವಲಂದೆಯ ಆಸುಪಾಸಿನಲ್ಲಿ ಕತ್ತಲೆ ಕವಿಯಿತು. ಹಳೆಯ ಬುಲೆಟ್ಟಿನ ದೀಪ ಎಂಜಿನು ನಿಧಾನವಾದಾಗಲೆಲ್ಲ ಮಂಕಾಗುತ್ತಿತ್ತು. ದೀಪವಿಲ್ಲದ ಎತ್ತಿನ ಗಾಡಿಯೊಂದು ತೀರ ಹತ್ತಿರ ಬಂದಾಗ ಕಂಡಿತು. ಮೂರನೆಯ ಪ್ರಶ್ನೆಗೂ ಉತ್ತರ ದೊರೆಯಿತು.

ಮರುದಿನ ಮೇಸ್ತ್ರಿಗಳು ಕಾಗದವನ್ನು ಓದಿ, ಲೆಕ್ಕ ಹಾಕಿದರು. ದಿನಕ್ಕೆ 140 ಕಿಲೋಮೀಟರು, ವರ್ಷಕ್ಕೆ 220 ದಿನ, ಒಟ್ಟು 30,800. ಯೆಜ್ಡಿ ಲೀಟರಿಗೆ 30 ಕಿಲೋಮೀಟರು ಓಡಿದರೆ 1,027 ಲೀಟರು, 125 ಸಿ.ಸಿ.ಯ ನಾಲ್ಕು ಸ್ಟ್ರೋಕಿನ ವಾಹನ 55 ಓಡಿದರೆ 560 ಲೀಟರು. ಪೆಟ್ರೋಲಿಗೆ ನೂರು ರೂಪಾಯಿ ಎಂದೇ ಹಿಡಿದರೂ ವರ್ಷಕ್ಕೆ 46 ಸಾವಿರಕ್ಕೂ ಮಿಕ್ಕಿ ವ್ಯತ್ಯಾಸ. ಒಂದು ವರ್ಷದ ಉಳಿತಾಯವೇ ಕೈಯಲ್ಲಿದ್ದ ಹಣವನ್ನು ಮೀರುತ್ತದೆ. ಯೆಜ್ಡಿಯಂಥ ಎರಡು ಸ್ಟ್ರೋಕಿನ ಯಂತ್ರದಲ್ಲಿ ಹೊಸ ಇಂಧನದ ಒಂದಂಶ ಉರಿಯುವ ಮೊದಲೇ ಹೊಗೆಯೊಡನೆ ಹೊರಹೋಗುತ್ತದೆ. ಪೆಟ್ರೋಲಿಗೆ ಪ್ರತಿ ಬಾರಿಯೂ ಆಯಿಲ್ ಬೆರೆಸಬೇಕು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ ಹಳೆಯ ಕಾಲದ ರಬ್ಬರ್ ಪೈಪು, ವಾಷರುಗಳು ಬೇಗ ಹಾಳಾಗುತ್ತವೆ. ಇದಲ್ಲದೆ ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ ಐದೈದು ವರ್ಷಕ್ಕೆ ತಪಾಸಣೆ ಮಾಡಿಸಿ ನವೀಕರಿಸಬೇಕು. ತಂದೆಯ ಯೆಜ್ಡಿಯ ಕಾಗದಪತ್ರಗಳು ನಿಂತುಹೋಗಿ ಬಹುಕಾಲವಾಗಿತ್ತು.

ಮುಂದಿನ ಹತ್ತು ದಿನಗಳಲ್ಲಿ ಮೇಸ್ತ್ರಿಗಳೊಡನೆ ನಾಲ್ಕು ವಾಹನಗಳನ್ನು ನೋಡಿದೆವು. ಅವರು ನೋಡುತ್ತಿದ್ದ ಕ್ರಮ ನಮ್ಮ ಮನೆಮನೆಗೂ ಉಪಯುಕ್ತವಾದುದರಿಂದ ಬರೆಯುತ್ತೇವೆ.

ಮೊದಲನೆಯದಾಗಿ, ಎಂಜಿನನ್ನು ಮುಟ್ಟಿ ನೋಡಬೇಕು. ನಾವು ಹೋಗುವ ಮೊದಲೇ ಅದು ಬಿಸಿಯಾಗಿದ್ದರೆ, ತಣ್ಣಗಿದ್ದಾಗ ಹೊತ್ತದಿರುವ ದೋಷವನ್ನು ಮರೆಮಾಚಿರಬಹುದು. ಹೊತ್ತಿದ ಮೇಲೆ ಹೊಗೆಯನ್ನು ನೋಡಬೇಕು. ನಾಲ್ಕು ಸ್ಟ್ರೋಕಿನ ವಾಹನದಲ್ಲಿ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ರಿಂಗು ಅಥವಾ ವಾಲ್ವಿನ ಸೀಲು ಸವೆದಿದೆ ಎಂದರ್ಥ. ಕಪ್ಪು ಹೊಗೆ ಇಂಧನ ಅತಿಯಾಗುತ್ತಿರುವುದರ ಗುರುತು.

ಎರಡನೆಯದಾಗಿ, ಮುಂದಿನ ಚಕ್ರವನ್ನು ಎತ್ತಿ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಬೇಕು. ನಡುವೆ ಕಚ್ಚಿಕೊಂಡಂತೆ ನಿಂತರೆ ಕೋನ್‌ಸೆಟ್ ಹೋಗಿದೆ. ಹಿಂದಿನ ಚಕ್ರವನ್ನು ಪಕ್ಕಕ್ಕೆ ಅಲುಗಿಸಿದಾಗ ಆಡಿದರೆ ಬೇರಿಂಗು ಅಥವಾ ಬುಷ್ ಸವೆದಿದೆ. ಹಿಂದೆ ಹತ್ತು ಹೆಜ್ಜೆ ದೂರ ನಿಂತು ಎರಡೂ ಚಕ್ರಗಳು ಒಂದೇ ಗೆರೆಯಲ್ಲಿವೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಬಿದ್ದು ಚಾಸಿ ಬಾಗಿದ ವಾಹನವೆಂದು ಶಂಕಿಸಬೇಕು. ಇವುಗಳಲ್ಲಿ ಬೇರಿಂಗು, ಕೋನ್‌ಸೆಟ್‌ಗಳನ್ನು ಅಲ್ಪ ಖರ್ಚಿನಲ್ಲಿ ಬದಲಾಯಿಸಬಹುದು; ಚಾಸಿ ಬಾಗಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಮೂರನೆಯದಾಗಿ, ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದುದು. ಗೀರು ಆಳವಾಗಿದ್ದರೂ ಹಳೆಯ ರಬ್ಬರು ಗಡುಸಾಗಿ, ಮಳೆಯಲ್ಲಿ ಜಾರುತ್ತದೆ. ಓಡಿದ ಕಿಲೋಮೀಟರನ್ನು ತೋರಿಸುವ ಮೀಟರನ್ನು ನಂಬಬಾರದು. ಬ್ರೇಕಿನ ಪೆಡಲು, ಕಾಲಿಡುವ ರಬ್ಬರು, ಚೈನಿನ ಹಲ್ಲುಗಳು ಎಷ್ಟು ಸವೆದಿವೆ ಎಂದು ನೋಡಿದರೆ ಸತ್ಯ ತಿಳಿಯುತ್ತದೆ.

ಕೊನೆಯದಾಗಿ ಕಾಗದ. ಆರ್.ಸಿ.ಯಲ್ಲಿರುವ ಚಾಸಿ ಮತ್ತು ಎಂಜಿನ್ ಸಂಖ್ಯೆಗಳನ್ನು ವಾಹನದ ಮೇಲೆ ಕೊರೆದಿರುವ ಸಂಖ್ಯೆಗಳೊಡನೆ ನಾವೇ ಹೋಲಿಸಬೇಕು. ಸಾಲದ ನಮೂದು ಇದ್ದರೆ ತೀರುವಳಿ ಪತ್ರವಿಲ್ಲದೆ ಹಣ ಕೊಡಬಾರದು. ವಿಮೆ ಮತ್ತು ಹೊಗೆ ತಪಾಸಣೆಯ ಪತ್ರ ಚಾಲ್ತಿಯಲ್ಲಿರಬೇಕು. ಹೆಸರಿನ ಬದಲಾವಣೆಯನ್ನು ಮುಂದೆ ನೋಡೋಣ ಎನ್ನಬಾರದು.

ಈ ಕ್ರಮದಲ್ಲಿ ಮೂರು ವಾಹನಗಳು ಬಿದ್ದುಹೋದವು. ಮೊದಲನೆಯದು ಥಳಥಳಿಸುವ ಹೊಸ ಬಣ್ಣದ್ದು. ಚಕ್ರಗಳು ಒಂದೇ ಗೆರೆಯಲ್ಲಿರಲಿಲ್ಲ. ಎರಡನೆಯದರಲ್ಲಿ ನೀಲಿ ಹೊಗೆ. ಮೂರನೆಯದರ ಎಂಜಿನ್ ಸಂಖ್ಯೆ ಕಾಗದಕ್ಕೆ ತಾಳೆಯಾಗಲಿಲ್ಲ. ನಾಲ್ಕನೆಯದು, ನಿವೃತ್ತ ನೌಕರರೊಬ್ಬರು ಮನೆಯಿಂದ ಕಚೇರಿಗೆ ಓಡಿಸುತ್ತಿದ್ದ 2014ರ ಹೋಂಡಾ ಶೈನ್. ಬಣ್ಣ ಮಾಸಿತ್ತು, ಟ್ಯಾಂಕಿನ ಮೇಲೆ ಒಂದು ತಗ್ಗು. ಆದರೆ ತಣ್ಣಗಿದ್ದ ಎಂಜಿನು ಮೊದಲ ಒತ್ತಿಗೇ ಹೊತ್ತಿತು. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು ಇತ್ತು. ನೋಂದಣಿಗೆ 2029ರವರೆಗೆ ಅವಧಿಯಿತ್ತು. 33 ಸಾವಿರಕ್ಕೆ ಮಾತಾಯಿತು. ಉಳಿದ ಏಳು ಸಾವಿರದಲ್ಲಿ ಎರಡು ಹೊಸ ಟಯರು, ಚೈನ್ ಸೆಟ್ಟು, ಬ್ರೇಕಿನ ಪ್ಯಾಡು, ಹೊಸ ಬಲ್ಬು ಹಾಕಿಸಲಾಯಿತು. ಹಳೆಯ ವಾಹನವನ್ನು ಕೊಳ್ಳುವವರು ಇದ್ದ ಹಣವನ್ನೆಲ್ಲ ಬೆಲೆಗೇ ಸುರಿಯದೆ ಆರರಲ್ಲೊಂದು ಪಾಲನ್ನಾದರೂ ಹೀಗೆ ಉಳಿಸಿಕೊಳ್ಳಬೇಕೆಂಬುದು ಮೇಸ್ತ್ರಿಗಳ ಮಾತು. ವರ್ಷಕ್ಕೆ ಮೂವತ್ತು ಸಾವಿರ ಕಿಲೋಮೀಟರು ಓಡುವುದಾದ್ದರಿಂದ ತಿಂಗಳಿಗೊಮ್ಮೆ ಎಂಜಿನ್ ಆಯಿಲ್ ಬದಲಾವಣೆ, ವಾರಕ್ಕೊಮ್ಮೆ ಚೈನಿಗೆ ಎಣ್ಣೆ, ಟಯರಿಗೆ ಗಾಳಿ ಎಂಬ ನೇಮವನ್ನೂ ಹಾಕಿಕೊಟ್ಟರು. ಪೂಜೆಗೆ ಹೊತ್ತು ನಿಗದಿಯಾಗಿರುವಂತೆ ಯಂತ್ರಕ್ಕೂ ಇರಬೇಕು.

ವಾಹನವನ್ನು ಮನೆಗೆ ತಂದ ದಿನ ಆ ತಾಯಿ ಹೊಸ್ತಿಲಲ್ಲಿ ನಿಂತು ಕೇಳಿದರು: "ಅವರ ಗಾಡಿ ಮಾರಿಬಿಟ್ಟೆಯಾ ಮಗಾ?"

ಹುಡುಗ ಹಿತ್ತಿಲಿನ ಕಡೆಗೆ ಕೈ ತೋರಿಸಿದ. ಯೆಜ್ಡಿ ಗೋಣಿಚೀಲದ ಹೊದಿಕೆಯಡಿ ಇದ್ದಲ್ಲಿಯೇ ಇತ್ತು. ಮೇಸ್ತ್ರಿಗಳು ಕೂಲಿಯಿಲ್ಲದೆ, ತಿಂಗಳಿಗೊಂದು ಭಾನುವಾರ ಬಂದು ಅದನ್ನು ಬಿಚ್ಚಿ ಜೋಡಿಸಿಕೊಡುವುದಾಗಿ ಮಾತು ಕೊಟ್ಟಿದ್ದಾರೆ. ಕಾಗದಪತ್ರ ಸರಿಯಾದ ಮೇಲೆ ಹಬ್ಬಹರಿದಿನಗಳಲ್ಲಿ ಅದು ರಸ್ತೆಯನ್ನು ಕಾಣಲಿದೆ. ನಂಜನಗೂಡಿನ ಸೇತುವೆಯಂತೆ, ಅದಕ್ಕೂ ಭಾರವಿಲ್ಲದ ಗೌರವ ದೊರೆಯಿತು.

ಶಾಲೆ ಆರಂಭವಾಗಿ ಈಗ ಕೆಲವು ತಿಂಗಳುಗಳಾದವು. ಮಳೆಯಲ್ಲಿ ಒಂದು ಸಂಜೆ ಬದನವಾಳಿನ ಬಳಿ ಹಿಂದಿನ ಚಕ್ರ ಪಂಕ್ಚರಾಯಿತಂತೆ. ರಸ್ತೆಬದಿಯ ಅಂಗಡಿಯಲ್ಲಿ ಇಪ್ಪತ್ತು ನಿಮಿಷದಲ್ಲಿ ಸರಿಮಾಡಿಕೊಟ್ಟರು. ಏಳು ಗಂಟೆಗೆ ತಾಯಿ ಆಸ್ಪತ್ರೆಯಲ್ಲಿದ್ದರು. ಆತ ಇದನ್ನು ಹೇಳುವಾಗ ವಾಹನದ ಹೆಸರನ್ನೇ ಎತ್ತಲಿಲ್ಲ. ದಿನದ ಕಾಯಕಕ್ಕೆ ಆರಿಸಿದ ವಾಹನ ಹಾಗೆ ನೆನಪಿಗೆ ಬಾರದಂತೆ ನಡೆದರೆ ಆಯ್ಕೆ ಸರಿಯಾಯಿತೆಂದು ತಿಳಿಯಬೇಕು. ದಾರಿಯಲ್ಲಿರುವ ನಮ್ಮ ಎಲ್ಲ ಮಕ್ಕಳೂ ಸಂಜೆ ಸುಖವಾಗಿ ಮನೆ ಸೇರಲಿ ಎಂದು ಹಾರೈಸುತ್ತೇವೆ.